ರಾತ್ರಿ ಸೋರುವ ಬಟ್ಟೆ ನ್ಯಾಪಿ: ಮೂರನೆಯ ಪ್ಯಾಡ್ ತೂರಿಸುವ ಮೊದಲು

ಪ್ರಶ್ನೆ: ನನ್ನ ಮಗನಿಗೆ ಎಂಟು ತಿಂಗಳು, ತೂಕ 8 ಕಿಲೋ. ನಾವಿರುವುದು ಮಲೆನಾಡಿನ ಸಾಗರ ಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ. ಮೂರು ತಿಂಗಳಿಂದ ಒಗೆದು ಒಗೆದು ಬಳಸುವ ಬಟ್ಟೆ ನ್ಯಾಪಿ ಹಾಕುತ್ತಿದ್ದೇನೆ. ಜೇಬಿನಂಥ ಕವರಿನೊಳಗೆ ಮೈಕ್ರೋಫೈಬರ್ ಪ್ಯಾಡ್ ತೂರಿಸುವ ಬಗೆಯದು. ಹಗಲು ತೊಂದರೆಯಿಲ್ಲ. ರಾತ್ರಿ ಎರಡು ಪ್ಯಾಡ್ ಹಾಕಿದರೂ ಎರಡು ಗಂಟೆಯ ಹೊತ್ತಿಗೆ ತೊಡೆಯ ಪಕ್ಕದಿಂದ ಸೋರಿ ಅಂಗಿ, ಹಾಸಿಗೆ ಎಲ್ಲ ಒದ್ದೆಯಾಗುತ್ತದೆ. ಅವನು ಮಗ್ಗುಲಾಗಿ ಮಲಗುತ್ತಾನೆ, ರಾತ್ರಿ ಎರಡು ಸಲ ಹಾಲು ಕುಡಿಯುತ್ತಾನೆ. ಈ ಮಳೆಯಲ್ಲಿ ಪ್ಯಾಡ್ ಒಣಗಲು ಎರಡು ದಿನ ಬೇಕು. ಬಟ್ಟೆ ಒರಟಾಯಿತೆಂದು ಫ್ಯಾಬ್ರಿಕ್ ಕಂಡೀಷನರ್ ಹಾಕುತ್ತಿದ್ದೇನೆ. ಮಲಗಿಸುವ ಮುನ್ನ ಸೊಂಟದ ಕೆಳಗೆ ಕೊಬ್ಬರಿ ಎಣ್ಣೆ ಸವರುತ್ತೇನೆ. ಒದ್ದೆಯಲ್ಲಿ ಮಲಗಿದರೆ ಶೀತವಾಗುತ್ತದೆ, ದಪ್ಪ ನ್ಯಾಪಿಯಿಂದ ಕಾಲು ಸೊಟ್ಟಗಾಗುತ್ತದೆ ಎಂದು ಅತ್ತೆ ಹೇಳುತ್ತಾರೆ. ಟ್ರಂಕಿನಲ್ಲಿರುವ ಮಾವನವರ ಹಳೆಯ ಪಂಚೆ ಹರಿದು ಕಟ್ಟು ಎನ್ನುತ್ತಾರೆ. ನಮ್ಮ ಮನೆಯವರು ಅಂಗಡಿಯ ಡೈಪರ್ ತರೋಣ ಎನ್ನುತ್ತಾರೆ. ರಾತ್ರಿಯ ಹಾಲು ಕಡಿಮೆ ಮಾಡಲೇ? ಬಟ್ಟೆ ನ್ಯಾಪಿಯನ್ನೇ ಬಿಟ್ಟುಬಿಡಲೇ?

ಉತ್ತರ: ಹಾಲಿನ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಇಂದು ರಾತ್ರಿಯೇ ತೀರ್ಮಾನವಾಗಬೇಕಾದದ್ದು. ಹಾಸಿಗೆ ಒದ್ದೆಯಾಗುತ್ತದೆಂದು ಎಂಟು ತಿಂಗಳ ಮಗುವಿನ ಹಾಲನ್ನು ಕಡಿಮೆ ಮಾಡಬೇಡಿ. ಈ ವಯಸ್ಸಿನಲ್ಲಿ ಮೇಲಾಹಾರ ಶುರುವಾಗಿದ್ದರೂ ಹಾಲೇ ಮುಖ್ಯ ಆಹಾರ. ರಾತ್ರಿಯ ಎರಡು ಹಾಲನ್ನು ಕಿತ್ತುಕೊಂಡರೆ ನ್ಯಾಪಿ ಸ್ವಲ್ಪ ಹೊತ್ತು ತಡೆಯಬಹುದು, ಮಗು ಮಾತ್ರ ಹಸಿದು ಅಳುತ್ತದೆ. ದೊಡ್ಡವರಲ್ಲಿ ರಾತ್ರಿ ಹೊತ್ತು ಮೂತ್ರದ ಉತ್ಪತ್ತಿ ತಾನಾಗಿ ತಗ್ಗುವ ಒಂದು ಲಯ ಇರುತ್ತದೆ. ಶಿಶುಗಳಲ್ಲಿ ಆ ಲಯ ಇನ್ನೂ ಕೂಡಿಬಂದಿರುವುದಿಲ್ಲ. ಆದ್ದರಿಂದ ರಾತ್ರಿ ಒದ್ದೆಯಾಗುವುದು ಮಗುವಿನ ತಪ್ಪೂ ಅಲ್ಲ, ಹಾಲಿನ ತಪ್ಪೂ ಅಲ್ಲ.

ಇನ್ನು ನಿಮ್ಮ ನಿಜವಾದ ಸಂಕಟ. ಎರಡು ಪ್ಯಾಡ್ ಹಾಕಿದರೂ ಸೋರುತ್ತದೆ ಎಂದ ಮೇಲೆ ಮೂರು ಹಾಕಬೇಕೇನೋ, ಅಥವಾ ಮಗು ಮಿತಿಮೀರಿ ಮೂತ್ರ ಮಾಡುತ್ತಿದೆಯೇನೋ ಎಂಬ ಎರಡು ಅನುಮಾನಗಳು ನಿಮ್ಮ ಪತ್ರದ ಹಿಂದೆ ಕಾಣುತ್ತವೆ. ಎರಡಕ್ಕೂ ಲೆಕ್ಕ ಹಾಕಿ ಉತ್ತರ ಹೇಳಬಹುದು. ಶಿಶುವಿನ ಮೂತ್ರವು ಒಂದು ಕಿಲೋ ತೂಕಕ್ಕೆ ಗಂಟೆಗೆ ಸುಮಾರು 1ರಿಂದ 3 ಮಿಲಿ. ನಿಮ್ಮ ಮಗನ ತೂಕ 8 ಕಿಲೋ, ರಾತ್ರಿ ಹತ್ತು ಗಂಟೆ ಎಂದುಕೊಳ್ಳೋಣ. ಹಾಗಾದರೆ 80ರಿಂದ 240 ಮಿಲಿ ಆಯಿತು. ಎರಡು ಸಲ ಹಾಲು ಕುಡಿಯುವ ಮಗು ಮೇಲಿನ ಅಂಕಿಗೇ ಹತ್ತಿರ ಎಂದು ಇಟ್ಟುಕೊಳ್ಳುವುದು ಕ್ಷೇಮ, ಅಂದರೆ ಒಂದು ದೊಡ್ಡ ಲೋಟದಷ್ಟು. ಇದು ಹನಿಹನಿಯಾಗಿಯೂ ಬರುವುದಿಲ್ಲ. ಹಸುಗೂಸಿನ ಮೂತ್ರಕೋಶ ಎಷ್ಟು ಹಿಡಿಯುತ್ತದೆಂದು ಅಂದಾಜು ಮಾಡಲು ನಾವು ಬಳಸುವ ಸೂತ್ರದಲ್ಲಿ ವಯಸ್ಸಿನ ತಿಂಗಳುಗಳನ್ನು 2.5ರಿಂದ ಗುಣಿಸಿ 38 ಕೂಡಿಸುತ್ತೇವೆ. ಎಂಟು ತಿಂಗಳಿಗೆ ಅದು 58 ಮಿಲಿ. ನಿಮ್ಮ ನ್ಯಾಪಿ ಒಂದೊಂದು ಸಲಕ್ಕೆ ಐವತ್ತು ಮಿಲಿಯನ್ನು ಕೆಲವೇ ಸೆಕೆಂಡುಗಳಲ್ಲಿ ಕುಡಿಯಬೇಕು, ಕುಡಿದದ್ದನ್ನು ಬೆಳಗಿನವರೆಗೆ ಬಿಡದೆ ಹಿಡಿದಿಟ್ಟುಕೊಳ್ಳಬೇಕು. ಇವು ಎರಡು ಬೇರೆ ಬೇರೆ ಕೆಲಸಗಳು. ಮೈಕ್ರೋಫೈಬರ್ ಮೊದಲನೆಯದರಲ್ಲಿ ಗಟ್ಟಿ, ಎರಡನೆಯದರಲ್ಲಿ ಸೋಲುತ್ತದೆ.

ಪಾತ್ರೆ ತಿಕ್ಕುವ ಸ್ಪಂಜನ್ನು ನೀರಿನಿಂದ ಎತ್ತಿ ಸುಮ್ಮನೆ ಹಿಡಿದುಕೊಂಡರೆ ಒಂದೆರಡು ಹನಿ ಬೀಳಬಹುದು. ಬೆರಳಿನಿಂದ ಮೆಲ್ಲನೆ ಒತ್ತಿದರೆ ಮುಂಗೈಗೆ ಧಾರೆಯಾಗಿ ಇಳಿಯುತ್ತದೆ. ಮೈಕ್ರೋಫೈಬರಿನ ಗುಣವೂ ಹಾಗೆಯೇ. ಹಗಲು ಮಗು ನಿಂತು, ಅಂಬೆಗಾಲಿಟ್ಟು, ಎರಡು ಮೂರು ಗಂಟೆಗೊಮ್ಮೆ ನ್ಯಾಪಿ ಬದಲಾಗುವಾಗ ಈ ದೋಷ ತೋರುವುದಿಲ್ಲ. ರಾತ್ರಿ ಮಗ್ಗುಲಾಗಿ ಮಲಗಿದಾಗ ಮೈಭಾರವೆಲ್ಲ ಒಂದು ಸೊಂಟದ ಮೇಲೆ ಬೀಳುತ್ತದೆ, ತುಂಬಿದ ಪ್ಯಾಡನ್ನು ಆ ಭಾರ ಹಿಂಡುತ್ತದೆ, ಹಿಂಡಿದ ನೀರು ತಗ್ಗಿನಲ್ಲಿರುವ ತೊಡೆಯ ಸಂದಿನಿಂದ ಹೊರಗೆ ಹೋಗುತ್ತದೆ. ಹತ್ತಿ, ಸೆಣಬಿನಂಥ ನಾರಿನ ಹೆಂಪ್, ಬಿದಿರಿನಿಂದ ಮಾಡಿದ ವಿಸ್ಕೋಸ್ ಇವು ಕುಡಿಯುವುದು ನಿಧಾನ, ಆದರೆ ಒತ್ತಡಕ್ಕೆ ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆದ್ದರಿಂದ ನಿಮಗೆ ಬೇಕಾದದ್ದು ಮೂರನೆಯ ಮೈಕ್ರೋಫೈಬರ್ ಅಲ್ಲ. ಈಗಿರುವ ಎರಡರಲ್ಲಿ ಒಂದನ್ನು ತೆಗೆದು, ಮೈಗೆ ಹತ್ತಿರದಲ್ಲಿ ಮೈಕ್ರೋಫೈಬರ್, ಅದರ ಕೆಳಗೆ ಹತ್ತಿಯದೋ ಹೆಂಪಿನದೋ ಒಂದು ಪ್ಯಾಡ್, ಎರಡೂ ಕವರಿನ ಜೇಬಿನೊಳಗೇ ಇರುವಂತೆ ಹಾಕಿ. ಮೇಲಿನದು ಬೇಗ ಕುಡಿದು ಕೆಳಗಿನದಕ್ಕೆ ದಾಟಿಸುತ್ತದೆ. ಮೈಕ್ರೋಫೈಬರನ್ನು ಮಾತ್ರ ಜೇಬಿನ ಹೊರಗೆ, ನೇರವಾಗಿ ಚರ್ಮಕ್ಕೆ ತಾಗುವಂತೆ ಎಂದೂ ಇಡಬಾರದು; ಅದು ಚರ್ಮದ ಸಹಜ ತೇವವನ್ನೂ ಹೀರಿ ಒಣಗಿಸಿಬಿಡುತ್ತದೆ.

ಹೊಸದನ್ನು ಕೊಳ್ಳುವ ಮೊದಲು ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಪರೀಕ್ಷೆ ಮಾಡಿ ನೋಡಿ. ಒಣ ಪ್ಯಾಡನ್ನು ತೂಗಿ ಬರೆದಿಟ್ಟುಕೊಳ್ಳಿ. ಹತ್ತು ನಿಮಿಷ ನೀರಿನಲ್ಲಿ ನೆನೆಸಿ, ಎತ್ತಿ, ಹನಿ ಬೀಳುವುದು ನಿಂತ ಮೇಲೆ ಹಿಂಡದೆ ತೂಗಿ. ಹೆಚ್ಚಾದ ಒಂದು ಗ್ರಾಂ ಎಂದರೆ ಒಂದು ಮಿಲಿ. 50 ಗ್ರಾಂ ಇದ್ದದ್ದು 200 ಆದರೆ ಅದು 150 ಮಿಲಿ ಹಿಡಿಯಿತು ಎಂದಾಯಿತು. ಆಮೇಲೆ ಅದನ್ನು ಒಂದು ತಟ್ಟೆಯ ಮೇಲಿಟ್ಟು ಅಂಗೈಯಿಂದ ಭಾರ ಬಿಟ್ಟು ಒತ್ತಿ, ಸುರಿದದ್ದನ್ನು ಚೆಲ್ಲಿ, ಮತ್ತೊಮ್ಮೆ ತೂಗಿ. ಈ ಮೂರನೆಯ ತೂಕದಿಂದ ಒಣ ತೂಕವನ್ನು ಕಳೆದು ಉಳಿದದ್ದೇ ನಿಮ್ಮ ಮಗುವಿನ ಮೈಕೆಳಗೆ ಆ ಪ್ಯಾಡಿನ ನಿಜವಾದ ಸಾಮರ್ಥ್ಯ. ಪೊಟ್ಟಣದ ಮೇಲೆ ಎಷ್ಟು ಪದರ ಎಂದು ಬರೆದಿದ್ದರೂ ನನಗೆ ಅದರಲ್ಲಿ ಹೆಚ್ಚು ನಂಬಿಕೆಯಿಲ್ಲ.

ಇದಕ್ಕಿಂತ ಸುಲಭವಾದ ಇನ್ನೊಂದು ಸುಳಿವನ್ನು ಸೋರಿದ ನ್ಯಾಪಿಯೇ ಕೊಡುತ್ತದೆ. ನನ್ನ ಬಳಿ ಈ ದೂರು ತರುವ ತಾಯಂದಿರಿಗೆ ಆ ರಾತ್ರಿಯ ನ್ಯಾಪಿಯನ್ನು ಒಗೆಯದೆ ಒಂದು ಕವರಿನಲ್ಲಿ ಹಾಕಿಕೊಂಡು ಬನ್ನಿ ಎಂದು ಹೇಳುತ್ತೇನೆ. ಮೊದಲು ಮುಜುಗರಪಡುತ್ತಾರೆ, ಆಮೇಲೆ ತರುತ್ತಾರೆ. ಪ್ಯಾಡ್ ಈ ತುದಿಯಿಂದ ಆ ತುದಿಯವರೆಗೆ ತೊಯ್ದು ಭಾರವಾಗಿದ್ದರೆ ಹಿಡಿಯುವ ಶಕ್ತಿ ಸಾಲದು ಎಂದರ್ಥ. ಹಾಸಿಗೆ ಒದ್ದೆಯಾಗಿದ್ದು ಪ್ಯಾಡಿನ ಅರ್ಧ ಒಣಗಿಯೇ ಇದ್ದರೆ, ಎಷ್ಟು ಪದರ ಸೇರಿಸಿದರೂ ಪ್ರಯೋಜನವಿಲ್ಲ. ಮೂತ್ರ ಪ್ಯಾಡನ್ನು ತಲುಪುವ ಮೊದಲೇ ಬೇರೆ ದಾರಿ ಹಿಡಿದಿದೆ. ಕಳೆದ ವರ್ಷ ಒಬ್ಬ ತಾಯಿ ತಂದಿದ್ದ ಪ್ಯಾಡಿನ ಒಣ ಭಾಗದ ಮೇಲೆ ನಾನು ಒಂದು ಚಮಚ ನೀರು ಹಾಕಿದೆ. ನೀರು ಒಳಗಿಳಿಯದೆ ಕೆಸುವಿನ ಎಲೆಯ ಮೇಲಿನ ಹನಿಯಂತೆ ದುಂಡಗೆ ನಿಂತು, ಪ್ಯಾಡನ್ನು ವಾಲಿಸಿದಾಗ ಉರುಳಿ ಮೇಜಿನ ಮೇಲೆ ಬಿತ್ತು. ಅವರೂ ನಿಮ್ಮ ಹಾಗೆಯೇ ಬಟ್ಟೆ ಮೆತ್ತಗಿರಲೆಂದು ಕಂಡೀಷನರ್ ಹಾಕುತ್ತಿದ್ದರು.

ಫ್ಯಾಬ್ರಿಕ್ ಕಂಡೀಷನರ್ ನೂಲಿನ ಮೇಲೆ ಜಿಡ್ಡಿನಂಥ ಒಂದು ತೆಳು ಪದರ ಬಿಡುವುದರಿಂದಲೇ ಬಟ್ಟೆ ಮೃದುವಾಗುತ್ತದೆ; ಆ ಪದರ ನೀರನ್ನೂ ತಡೆಯುತ್ತದೆ. ಕೊಬ್ಬರಿ ಎಣ್ಣೆ, ಪೆಟ್ರೋಲಿಯಂ ಜೆಲ್ಲಿ, ಸತುವಿನ ಆಕ್ಸೈಡ್ ಇರುವ ಬಿಳಿ ಮುಲಾಮು ಇವೆಲ್ಲ ಮಾಡುವ ಕೆಲಸವೂ ಅದೇ. ಎಣ್ಣೆ ನೀರು ನಮ್ಮ ಬಾಣಂತನದ ಜೀವಾಳ, ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಬೆಳಿಗ್ಗೆ ಸ್ನಾನದ ಮುಂಚೆ ಎಷ್ಟು ಬೇಕಾದರೂ ತಿಕ್ಕಿ, ರಾತ್ರಿ ನ್ಯಾಪಿಯ ಒಳಗೆ ಬೇಡ. ಚರ್ಮ ಕೆಂಪಾಗಿ ಮುಲಾಮು ಹಚ್ಚಲೇಬೇಕಾದ ದಿನಗಳಲ್ಲಿ ಮೃದುವಾದ ಒಂದು ಹತ್ತಿಯ ತುಂಡನ್ನು ನ್ಯಾಪಿಯ ಮೇಲೆ ಹಾಸಿ, ಆ ತುಂಡನ್ನು ಬೇರೆಯಾಗಿಯೇ ಒಗೆಯಿರಿ. ಈಗಾಗಲೇ ಜಿಡ್ಡು ಹಿಡಿದ ಪ್ಯಾಡುಗಳನ್ನು ಸಾದಾ ಸೋಪಿನ ಪುಡಿಯೊಂದಿಗೆ 60 ಡಿಗ್ರಿ ಮೀರದ ಬಿಸಿನೀರಿನಲ್ಲಿ ಒಗೆದು, ಜಾಲಿಸಿದ ನೀರಿನಲ್ಲಿ ನೊರೆ ಕಾಣದಷ್ಟು ಸಲ ಜಾಲಿಸಿ. ನಿಮ್ಮ ಕಡೆಯ ಬಾವಿಯ ಮೆದು ನೀರಿನಲ್ಲಿ ಸೋಪು ಹೆಚ್ಚಾದರೆ ನೊರೆ ಬಿಡಿಸುವುದೇ ಕಷ್ಟ, ಆದ್ದರಿಂದ ಪುಡಿ ಮಿತವಾಗಿರಲಿ. ಬಯಲುಸೀಮೆಯ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಒಗೆಯುವವರಿಗೆ ಇದಕ್ಕೆ ತದ್ವಿರುದ್ಧವಾದ ತೊಂದರೆ: ಅಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪಿನ ಶಕ್ತಿ ತಿಂದು ನೂಲಿನಲ್ಲಿ ಕೂರುತ್ತವೆ, ಪುಡಿ ಸ್ವಲ್ಪ ಹೆಚ್ಚೇ ಬೇಕು. ಬೆಳಿಗ್ಗೆ ನ್ಯಾಪಿ ಬಿಚ್ಚಿದಾಗ ಕಣ್ಣು ಉರಿಯುವಷ್ಟು ಅಮೋನಿಯದ ಘಾಟು ಬಂದರೆ ಹಿಂದಿನ ಒಗೆತ ಸರಿಯಾಗಿಲ್ಲ, ಉಳಿದುಕೊಂಡ ಬ್ಯಾಕ್ಟೀರಿಯಾಗಳು ಮೂತ್ರದ ಯೂರಿಯಾವನ್ನು ಒಡೆಯುತ್ತಿವೆ ಎಂದು ತಿಳಿಯಬೇಕು. ಡೆಟಾಲ್‌ನಂಥ ದ್ರಾವಣಗಳಲ್ಲಿ ಅದ್ದುವುದು ಇದಕ್ಕೆ ಮದ್ದಲ್ಲ. ಬಟ್ಟೆಯಲ್ಲಿ ಉಳಿದ ಅಂಶ ಚರ್ಮವನ್ನು ಕೆರಳಿಸಬಹುದು.

ಇನ್ನು ತೊಡೆಯ ಸಂದು. ಪ್ಯಾಡ್ ಎರಡಾದಾಗ ಕವರ್ ಉಬ್ಬುತ್ತದೆ, ಉಬ್ಬಿದಾಗ ಕಾಲಿನ ಎಲಾಸ್ಟಿಕ್ ಮೈಯಿಂದ ಮೇಲೇಳುತ್ತದೆ. ನಿಮ್ಮ ನ್ಯಾಪಿ ಹಗಲು ಸೋರದೆ ರಾತ್ರಿ ಮಾತ್ರ ಪಕ್ಕದಿಂದ ಸೋರುವುದಕ್ಕೆ ಇದೂ ಕಾರಣವಾಗಿರುವ ಸಂಭವ ಬಹಳ. ಎಲಾಸ್ಟಿಕ್ ಇರಬೇಕಾದದ್ದು ತೊಡೆಯ ಮೇಲಲ್ಲ, ಚಡ್ಡಿಯ ಅಂಚು ಕೂರುವಂತೆ ತೊಡೆ ಸೇರುವ ಮಡಿಕೆಯೊಳಗೆ. ಮಗುವನ್ನು ಅಂಗಾತ ಮಲಗಿಸಿ, ನ್ಯಾಪಿ ಹಾಕಿ, ಎರಡೂ ಮೊಣಕಾಲು ಎತ್ತಿ ಅಂಚಿನ ಸುತ್ತ ಬೆರಳಾಡಿಸಿ ನೋಡಿ. ಎಲ್ಲಿ ಬೆರಳು ತಡೆಯಿಲ್ಲದೆ ಒಳಗೆ ಜಾರುತ್ತದೆಯೋ ಅಲ್ಲಿಂದಲೇ ಎರಡು ಗಂಟೆಗೆ ಸೋರುವುದು. ರಾತ್ರಿಯ ನ್ಯಾಪಿಗೆ ಮುಂಭಾಗದಲ್ಲಿ ಎತ್ತರ ಹೊಂದಿಸುವ ಟಿಚ್ ಬಟನ್‌ಗಳನ್ನು ಒಂದು ಸಾಲು ಸಡಿಲಿಸಿ, ಸೊಂಟದ ಬಳಿ ಎರಡು ಬೆರಳು ಹೋಗುವಷ್ಟು ಜಾಗ ಬಿಟ್ಟು ಹಾಕಬೇಕಾಗಬಹುದು. ಬಿಚ್ಚಿದಾಗ ತಿಳಿಗೆಂಪು ಗುರುತು ಕಂಡು ಸ್ವಲ್ಪ ಹೊತ್ತಿನಲ್ಲಿ ಮಾಯವಾದರೆ ಚಿಂತೆಯಿಲ್ಲ, ಚರ್ಮ ತಗ್ಗು ಬಿದ್ದಂತೆ ಒಳಗಿಳಿದಿದ್ದರೆ ಬಿಗಿಯಾಯಿತು. ಗಂಡು ಮಗುವಾದ್ದರಿಂದ ಶಿಶ್ನವನ್ನು ಕೆಳಮುಖವಾಗಿ ಇರಿಸಿ ನ್ಯಾಪಿ ಮುಚ್ಚಿ, ಕೆಳಗಿನ ಪ್ಯಾಡಿನ ದಪ್ಪ ಮಡಿಕೆ ಮುಂಭಾಗಕ್ಕೆ ಬರಲಿ. ಬನಿಯನ್ನಿನ ಅಂಚು ನ್ಯಾಪಿಯೊಳಗೆ ಸಿಕ್ಕಿಕೊಂಡಿದ್ದರೆ ಅದು ದೀಪದ ಬತ್ತಿ ಎಣ್ಣೆಯನ್ನು ಎಳೆದಂತೆ ಮೂತ್ರವನ್ನು ಎದೆಯವರೆಗೆ ಎಳೆಯುತ್ತದೆ. ಅಂಗಿ ಒದ್ದೆಯಾಗುವುದಕ್ಕೆ ಎಷ್ಟೋ ಸಲ ಕಾರಣ ಇಷ್ಟೇ.

ನಿಮ್ಮ ಅತ್ತೆಯವರ ಮಾತುಗಳಲ್ಲಿ ಎರಡನ್ನು ನಾನು ಒಪ್ಪಲಾರೆ, ಒಂದನ್ನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ನೆಗಡಿ ಬರುವುದು ವೈರಸ್‌ನಿಂದ, ಒದ್ದೆ ಬಟ್ಟೆಯಿಂದಲ್ಲ. ಅವಧಿಗೆ ಮುಂಚೆ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ನವಜಾತ ಶಿಶು ಒದ್ದೆಯಲ್ಲಿ ಮಲಗಿದರೆ ಮೈಬಿಸಿ ಅಪಾಯಕಾರಿಯಾಗಿ ಇಳಿಯಬಹುದು, ಹಿರಿಯರ ಭಯಕ್ಕೆ ಮೂಲ ಅಲ್ಲಿರಬಹುದು. ಎಂಟು ಕಿಲೋ ತೂಗುವ ನಿಮ್ಮ ಮಗನ ವಿಷಯದಲ್ಲಿ ಅದು ಚರ್ಮದ ಪ್ರಶ್ನೆ, ನಿದ್ದೆಯ ಪ್ರಶ್ನೆ. ಕಾಲಿನ ವಿಷಯವೂ ಹಾಗೆಯೇ. ಮಕ್ಕಳ ಕಾಲು ಹುಟ್ಟಿನಿಂದಲೇ ಸ್ವಲ್ಪ ಬಾಗಿರುತ್ತದೆ, ನಡೆಯಲು ಕಲಿತಾಗ ಎದ್ದು ಕಾಣುತ್ತದೆ, ಎರಡು ವರ್ಷದ ಹೊತ್ತಿಗೆ ಸಾಮಾನ್ಯವಾಗಿ ನೇರವಾಗುತ್ತದೆ. ದಪ್ಪ ನ್ಯಾಪಿ ತೊಡೆಗಳನ್ನು ಅಗಲಿಸಿ ಇಡುವುದು ಸೊಂಟದ ಕೀಲಿಗೆ ಕೆಡುಕಲ್ಲ. ಕಾಲುಗಳನ್ನು ನೇರ ಮಾಡಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವುದೇ ಆ ಕೀಲಿಗೆ ಕೆಟ್ಟದ್ದು.

ನಾನು ಒಪ್ಪುವ ಮಾತು ಪಂಚೆಯದು. ಹಲವು ವರ್ಷ ಒಗೆದು ನವೆದ ಹತ್ತಿಯಲ್ಲಿ ಹೊಸ ನೂಲಿನ ಮೇಣದಂಶ ಉಳಿದಿರುವುದಿಲ್ಲ, ಅದು ಮೊದಲ ದಿನದಿಂದಲೇ ಕುಡಿಯುತ್ತದೆ. ಅಂಗಡಿಯಿಂದ ತಂದ ಹತ್ತಿ ಅಥವಾ ಹೆಂಪ್ ಪ್ಯಾಡನ್ನು ಐದಾರು ಸಲ ಒಗೆದ ಮೇಲೆಯೇ ಅದು ಪೂರ್ಣ ಹೀರುವ ಹಂತಕ್ಕೆ ಬರುವುದು. ನಿಮ್ಮ ಊರಿನ ಮಳೆಗಾಲಕ್ಕೆ ಪಂಚೆಯ ದೊಡ್ಡ ಉಪಕಾರ ಬೇರೆಯೇ ಇದೆ. ಹೊಲಿದು ಬಿಗಿದ ದಪ್ಪ ಪ್ಯಾಡಿನ ಹೊಟ್ಟೆಯೊಳಗೆ ತೇವ ಕುಳಿತುಬಿಡುತ್ತದೆ; ಮುಟ್ಟಿದರೆ ಒಣಗಿದಂತೆ ಇರುತ್ತದೆ, ಕಟ್ಟಿದ ಮೇಲೆ ಬೇಗ ಸೋರುತ್ತದೆ, ಬೂಷ್ಟೂ ಹಿಡಿಯುತ್ತದೆ. ಪಂಚೆಯನ್ನು ಕಟ್ಟುವಾಗ ಹತ್ತು ಹನ್ನೆರಡು ಪದರವಾಗಿ ಮಡಿಸಬಹುದು, ಒಣಗಿಸುವಾಗ ಒಂದೇ ಪದರವಾಗಿ ಬಿಡಿಸಿ ಬಚ್ಚಲುಮನೆಯ ಹಂಡೆಯ ಮೇಲಿನ ಹಗ್ಗಕ್ಕೆ ಹಾಕಿದರೆ ರಾತ್ರಿ ಬೆಳಗಾಗುವುದರೊಳಗೆ ಗರಿಗರಿಯಾಗುತ್ತದೆ. ಉಳಿದ ಹಸಿಯನ್ನು ಇಸ್ತ್ರಿ ತೆಗೆಯುತ್ತದೆ. ನೀರು ತಡೆಯುವ ಕವರನ್ನು ಮಾತ್ರ ಒಲೆಯ ಹತ್ತಿರಕ್ಕೂ ಇಸ್ತ್ರಿಯ ಹತ್ತಿರಕ್ಕೂ ತರಬೇಡಿ, ಅದರ ಒಳಪದರ ಪ್ಲಾಸ್ಟಿಕ್ಕಿನ ಜಾತಿಯದು, ಬಿರುಕು ಬಿಟ್ಟರೆ ಮತ್ತೆ ಕೂಡುವುದಿಲ್ಲ. ಬಟ್ಟೆಗೆ ಸಾಂಬ್ರಾಣಿ ಹೊಗೆ ಹಿಡಿಯುವುದೂ ಬೇಡ. ಕಾವು ಬಟ್ಟೆಗೆ ಒಳ್ಳೆಯದು, ಹೊಗೆ ಮಗುವಿನ ಶ್ವಾಸಕ್ಕೆ ಕೆಟ್ಟದ್ದು.

ಹೀಗೆ ನೋಡಿದರೆ ನಿಮ್ಮ ಮುಂದೆ ಮೂರು ದಾರಿಗಳಿವೆ. ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಈಗಿರುವ ಕವರಿನೊಳಗೆ ಒಂದು ಮೈಕ್ರೋಫೈಬರ್, ಅದರ ಕೆಳಗೆ ಪಂಚೆಯ ಮಡಿಕೆ ಹಾಕಿ ಒಂದು ವಾರ ನೋಡುತ್ತಿದ್ದೆ. ಖರ್ಚಿಲ್ಲ, ಕವರ್ ಉಬ್ಬುವ ಅಪಾಯ ಮಾತ್ರ ಇದೆ, ಅದನ್ನು ಮಡಿಕೆಯ ಅಗಲ ಕಡಿಮೆ ಮಾಡಿ ಸರಿಪಡಿಸಬಹುದು. ಎರಡನೆಯದು, ರಾತ್ರಿಯ ಮೊದಲ ಹಾಲಿನ ಹೊತ್ತಿಗೆ ಒಂದು ಸಲ ಬದಲಿಸುವುದು. ಹಾಲು ಕುಡಿಸುವ ಮೊದಲೇ ಬದಲಿಸಿ, ಆಮೇಲೆ ಕುಡಿಯುತ್ತಾ ನಿದ್ದೆ ಹೋಗುತ್ತದೆ. ಕುಡಿಸಿದ ಮೇಲೆ ಬದಲಿಸಲು ಹೋದರೆ ಮನೆಯೆಲ್ಲ ಏಳುತ್ತದೆ. ಬರೀ ಮೂತ್ರವಾಗಿದ್ದು ಚರ್ಮ ಚೆನ್ನಾಗಿದ್ದರೆ ಮಲಗಿದ ಮಗುವನ್ನು ಅದಕ್ಕಾಗಿಯೇ ಎಬ್ಬಿಸಬೇಕಾಗಿಲ್ಲ, ಮಲವಾಗಿದ್ದರೆ ಮಾತ್ರ ತಡಮಾಡುವಂತಿಲ್ಲ, ಏಕೆಂದರೆ ಮಲದಲ್ಲಿರುವ ಕಿಣ್ವಗಳು ಮೂತ್ರದ ಅಮೋನಿಯದ ಜೊತೆ ಸೇರಿ ಚರ್ಮವನ್ನು ತಿನ್ನುತ್ತವೆ.

ಮೂರನೆಯದು ನಿಮ್ಮ ಮನೆಯವರು ಹೇಳುವ ದಾರಿ, ರಾತ್ರಿಗೆ ಒಂದು ಅಂಗಡಿಯ ಡೈಪರ್. ಅದರೊಳಗಿನ ಸೋಡಿಯಂ ಪಾಲಿಅಕ್ರಿಲೇಟ್ ಹರಳುಗಳು ನೀರನ್ನು ಲೋಳೆಯಾಗಿ ಬಂಧಿಸುವುದರಿಂದ ಒತ್ತಿದರೂ ಹಿಂತಿರುಗಿ ಬರುವುದಿಲ್ಲ. ಈ ಒಂದು ಗುಣದಲ್ಲಿ ಯಾವ ಬಟ್ಟೆಯೂ ಅದಕ್ಕೆ ಸಮನಲ್ಲ. ಜೋರು ಮಳೆಯ ವಾರಗಳಲ್ಲಿ, ತಾಯಿಯ ನಿದ್ದೆ ಕೆಟ್ಟು ಕೆಟ್ಟು ಸಾಕಾದಾಗ, ಹಗಲು ಬಟ್ಟೆ ರಾತ್ರಿ ಡೈಪರ್ ಎನ್ನುವುದರಲ್ಲಿ ಸೋಲೇನೂ ಇಲ್ಲ. ಆದರೆ ನಿಮ್ಮ ಹಳ್ಳಿಯಲ್ಲಿ ಬಳಸಿದ್ದನ್ನು ಎಲ್ಲಿ ಹಾಕುತ್ತೀರಿ ಎಂಬುದನ್ನು ಮೊದಲು ಯೋಚಿಸಬೇಕು. ಘನತ್ಯಾಜ್ಯ ನಿರ್ವಹಣೆ ನಿಯಮಗಳ ಪ್ರಕಾರ ಅದನ್ನು ಭದ್ರವಾಗಿ ಸುತ್ತಿ ಕಸ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಕಸದ ಗಾಡಿ ಬರದ ಊರಿನಲ್ಲಿ ಅದು ಹಳ್ಳಕ್ಕೋ ಹಿತ್ತಲಿನ ಬೆಂಕಿಗೋ ಹೋಗುತ್ತದೆ, ಎರಡೂ ತಪ್ಪು.

ಯಾವ ದಾರಿ ಹಿಡಿದರೂ ಚರ್ಮದ ಮೇಲೆ ಕಣ್ಣಿರಲಿ. ನ್ಯಾಪಿ ಒತ್ತುವ ಉಬ್ಬು ಭಾಗಗಳು ಮಾತ್ರ ಕೆಂಪಾಗಿ ಸಂದುಗಳು ಸಹಜ ಬಣ್ಣದಲ್ಲೇ ಉಳಿದಿದ್ದರೆ ಅದು ತೇವ, ಉಜ್ಜಾಟದಿಂದ ಆದದ್ದು. ಗಾಳಿಯಾಡಲು ಬಿಟ್ಟು, ಸತುವಿನ ಮುಲಾಮು ಹಚ್ಚಿದರೆ ಇಳಿಯುತ್ತದೆ. ಸಂದುಗಳೇ ಕಡುಗೆಂಪಾಗಿ, ಸುತ್ತ ಸಾಸಿವೆಯಂಥ ಸಣ್ಣ ಗುಳ್ಳೆಗಳು ಚದುರಿದ್ದರೆ ಅದು ಕ್ಯಾಂಡಿಡಾ ಶಿಲೀಂಧ್ರ, ಅದಕ್ಕೆ ಬೇರೆ ಔಷಧಿ ಬೇಕು. ಅಂಗಡಿಯಲ್ಲಿ ಕೇಳಿ ತರುವ, ಸ್ಟೀರಾಯ್ಡ್ ಬೆರೆಸಿದ ಮುಲಾಮನ್ನು ದಯವಿಟ್ಟು ಹಚ್ಚಬೇಡಿ. ಎರಡು ದಿನ ಗುಣವಾದಂತೆ ಕಂಡು ಆಮೇಲೆ ಹೆಚ್ಚಾಗುತ್ತದೆ. ಟಾಲ್ಕಂ ಪೌಡರ್ ಕೂಡ ಬೇಡ, ಅದರ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಮೂರು ದಿನದಲ್ಲಿ ಕಡಿಮೆಯಾಗದಿದ್ದರೆ, ಕೀವು ಕಂಡರೆ, ಕಾರಣವಿಲ್ಲದೆ ಜ್ವರ ಬಂದರೆ, ಅಥವಾ ನ್ಯಾಪಿ ಎಂಟು ಗಂಟೆ ಒಣಗಿಯೇ ಇದ್ದರೆ ವೈದ್ಯರಿಗೆ ತೋರಿಸಿ. ಮಿತಿಮೀರಿದ ಮೂತ್ರದ ಭಯ ನಿಮಗಿತ್ತಲ್ಲ. ತೂಕ ಏರುತ್ತಾ ಆಟವಾಡುತ್ತಿರುವ ಮಗುವಿನಲ್ಲಿ ಆ ಚಿಂತೆ ಬೇಡ, ತೂಕ ಇಳಿಯುತ್ತಾ ಸದಾ ಬಾಯಾರಿಕೆ ಪಡುವ ಮಗುವನ್ನು ಮಾತ್ರ ಅದೇ ದಿನ ಕರೆತರಬೇಕು.

ಒಂದು ಮಾತು ಕೇಳುವುದು ಉಳಿಯಿತು. ಆ ಪಂಚೆಗಳು ಟ್ರಂಕಿನಲ್ಲಿವೆ ಎಂದು ಬರೆದಿದ್ದೀರಿ. ಅದರಲ್ಲಿ ಡಾಂಬರು ಗುಳಿಗೆ ಹಾಕಿಟ್ಟಿದ್ದಾರೆಯೇ? ಆ ಗುಳಿಗೆಯ ನ್ಯಾಫ್ತಲೀನ್ ಬಟ್ಟೆಯಲ್ಲಿ ಕೂತು ಚರ್ಮದ ಮೂಲಕ, ಉಸಿರಿನ ಮೂಲಕ ಮಗುವಿನ ಮೈ ಸೇರುತ್ತದೆ, ಎಣ್ಣೆ ಹಚ್ಚಿದ ಚರ್ಮದಲ್ಲಿ ಇನ್ನೂ ಸುಲಭವಾಗಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ, ಅದರಲ್ಲೂ ಗಂಡು ಮಕ್ಕಳಲ್ಲಿ ಆ ಕೊರತೆ ಹೆಚ್ಚು, ಇದು ಕೆಂಪು ರಕ್ತಕಣಗಳನ್ನು ಒಡೆದು ಕಾಮಾಲೆ ತರಬಲ್ಲದು. ಕೊರತೆ ಇದೆಯೆಂದು ಮನೆಯವರಿಗೆ ಬಹುಪಾಲು ಗೊತ್ತೇ ಇರುವುದಿಲ್ಲ. ಗುಳಿಗೆಯ ವಾಸನೆ ಬರುತ್ತಿದ್ದರೆ ಆ ಪಂಚೆಗಳು ಬೇಡ. ಮಾವನವರು ದಿನವೂ ಉಟ್ಟು ಒಗೆದು ಹಗ್ಗದ ಮೇಲೆ ಹಾಕುವ ಪಂಚೆಗಳಲ್ಲಿ ಹಳೆಯದೊಂದನ್ನು ಕೇಳಿ ತೆಗೆದುಕೊಳ್ಳಿ.